ಸದ್ದಿದೆ, ಮಾತಿಲ್ಲ

ಜೂನ್ 11, ಭಾನುವಾರ

ಬೆಳಗಿನ ಸುಬಹಿ ನಮಾಜು ಮುಗಿಸಿ, ಹಾಲಿಲ್ಲದ ಕಟ್ಟನ್ ಚಹಾ ಕುಡಿದು ಎಂದಿನಂತೆ ಲ್ಯಾಪ್‌ಟಾಪ್ ತೆರೆದೆ. ಮತ್ತೆ ಅದೇ ಕಾಟ. ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಬಾಯಿ ತುಂಬ ಅನ್ನ ಇಟ್ಟುಕೊಂಡು ಯಾರೋ ಪತ್ರಿಕೆ ಓದಿದ ಹಾಗೆ. ಕಳೆದ ವಾರ ಅಪ್‌ಡೇಟ್ ಹಾಕಿದ್ದು ತಪ್ಪಾಯಿತು. ಯಂತ್ರ ನಡೆಸುವ ತಂತ್ರಾಂಶವನ್ನು, ಚೆನ್ನಾಗಿದ್ದ ಲಿನಕ್ಸನ್ನು ನಾನೇ ಕೈಯಾರೆ ಕೆಡಿಸಿಕೊಂಡೆ.

ಓದುವ ವೇಗ ಇಳಿಸಿದೆ. ನಾನು... ವೇಗ ಇಳಿಸಿದೆ! ನನ್ನ ಯಂತ್ರ ಪರದೆಯಲ್ಲಿರುವುದನ್ನು ಓದಿ ಹೇಳುವ ಓಟಕ್ಕೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಜೀರುಂಡೆ ಎಂದು ಹೆಸರು. ಕಣ್ಣಿದ್ದವರು ಒಂದು ಪುಟ ಮುಗಿಸುವಷ್ಟರಲ್ಲಿ ನಾನು ಮೂರನೆಯದರಲ್ಲಿರುತ್ತೇನೆ. ಇವತ್ತು ಒಂದನೇ ಕ್ಲಾಸಿನ ಮಗುವಿಗೆ ಓದಿ ಹೇಳುವ ವೇಗ. ಆದರೂ ಅರ್ಧ ಹೋಯಿತು.

ದಿನಚರಿಯನ್ನೂ ಅದರಲ್ಲೇ ಬರೆಯುತ್ತಿದ್ದೆ. ಬರೆದದ್ದನ್ನು ಕೇಳಲಾಗದ ಮೇಲೆ ಏನು ಪ್ರಯೋಜನ. ಅಟ್ಟದ ಮೇಲಿದ್ದ ಹಳೆಯ ಬ್ರೈಲ್ ಹಲಗೆ ಇಳಿಸಿಕೊಂಡೆ. ದಪ್ಪ ಹಾಳೆ ಸಿಕ್ಕಿಸಿ ಮೊಳೆಯಿಂದ ಚುಕ್ಕಿ ಚುಚ್ಚುತ್ತ ಕೂತಿದ್ದೇನೆ. ಕೈಗೆ ತುಕ್ಕು ಹಿಡಿದಿದೆ. ಒಂದು ಅನುಕೂಲ — ಈ ಮನೆಯಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ. ಹೆಂಡತಿಯ ಮೇಲಿನ ದೂರನ್ನು ಅವಳೆದುರೇ ಬರೆಯಬಹುದು.

"ಏನದು ಟಕಟಕ? ಮರಕುಟಿಗ ಒಳಗೆ ಬಂತಾ?" — ಅಡುಗೆಮನೆಯಿಂದ ಮೈಮೂನ.

ಜೂನ್ 13

ಲೋನಪ್ಪನ್‌ಗೆ ಫೋನ್ ಮಾಡಿದೆ. ತ್ರಿಶೂರಿನ ಅಂಧರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಹುಟ್ಟು ಕುರುಡ. ಲಿನಕ್ಸ್ ಬಳಸುವ ನಮ್ಮಂಥವರಿಗೆ ಏನು ತೊಂದರೆ ಬಂದರೂ ಮೊದಲ ಫೋನ್ ಅವನಿಗೇ.

"ಓ, ಸೈದಲವಿ ಮಾಷ್! ಇನ್ನೂ ಬದುಕಿದ್ದೀಯಾ? ಬಿರಿಯಾನಿ ಮಾಡಿದಾಗ ನೆನಪಾಗಲ್ಲ, ಯಂತ್ರ ಕೆಟ್ಟಾಗ ಮಾತ್ರ ಲೋನಪ್ಪನ್."

ಎಲ್ಲ ಹೇಳಿದೆ.

"ಹೆಡ್‌ಫೋನ್ ಬದಲಾಯಿಸಿದೆಯಾ?"

"ಬದಲಾಯಿಸಿದೆ."

"ಓದೋ ಧ್ವನಿ?"

"ಗಂಡಸಿಂದು, ಹೆಂಗಸಿಂದು, ಎಲ್ಲಾ ಹಾಕಿ ನೋಡಿದೆ. ಎಲ್ಲರ ಬಾಯಲ್ಲೂ ಅನ್ನ."

"ಹಾಗಾದ್ರೆ ಕೇಳು. ಒಂದು ಪೆನ್ ಡ್ರೈವ್ ಕಳಿಸ್ತೀನಿ. ಅದರೊಳಗೆ ಇಡೀ ಲಿನಕ್ಸ್ ಜೀವಂತ ಕೂತಿದೆ. ನಿನ್ನ ಡಿಸ್ಕನ್ನ ಮುಟ್ಟೋದೇ ಇಲ್ಲ. ಅದರಿಂದ ಯಂತ್ರ ಎಬ್ಬಿಸು. ಮಾತು ಸರಿಯಾಗಿ ಕೇಳಿಸ್ತೋ, ಕೆಟ್ಟಿರೋದು ಡಿಸ್ಕಲ್ಲಿರೋ ನಿನ್ನ ಹಳೇ ಲಿನಕ್ಸ್. ಕೇಳಿಸ್ಲಿಲ್ವೋ, ಯಂತ್ರಾನೇ ಕೆಟ್ಟಿದೆ. ಇಷ್ಟೇ. ಮೂರನೇದು ಇಲ್ಲ."

ಎರಡೆರಡು ಸಲ ಹೇಳಿಸಿಕೊಂಡೆ. ತ್ರಿಶೂರಿನಲ್ಲಿ ಟವರ್ ಸರಿಯಿಲ್ಲ.

ಜೂನ್ 18, ಭಾನುವಾರ, ಬೆಳಿಗ್ಗೆ

ಪೆನ್ ಡ್ರೈವ್ ನಿನ್ನೆ ಬಂತು. ಇವತ್ತು ಮಳೆ ಬಿಟ್ಟಿತ್ತು, ಮೈಮೂನ ಇನ್ನೂ ಎದ್ದಿರಲಿಲ್ಲ, ಮನೆ ನಿಶ್ಶಬ್ದ. ಸಿಕ್ಕಿಸಿ ಯಂತ್ರ ಎಬ್ಬಿಸಿದೆ. ಆರಂಭದ ಪಟ್ಟಿ ಬಂದಾಗ ಒಂದು ಬೀಪ್ — ಸ್ಪಷ್ಟ. ಮಾತಿನ ಕೀಲಿ ಒತ್ತಿ ಕಾದೆ. ಕಾದೆ. ಇವನ ಪೆನ್ ಡ್ರೈವ್‌ನಲ್ಲೂ ಏನೋ ಎಡವಟ್ಟು ಅಂದುಕೊಳ್ಳುವಷ್ಟರಲ್ಲಿ —

"ಸ್ವಾಗತ."

ಕೇಳಿಸಿತು! ಗಡಸು ಗಂಡಸಿನ ಧ್ವನಿ, ನಿಧಾನ, ಒಂದೊಂದು ಪದವೂ ಬಿಡಿಬಿಡಿ. ಕುರ್ಚಿಯಿಂದ ಎದ್ದುಬಿಟ್ಟೆ. ಲೋನಪ್ಪನ್ ಹೇಳಿದ ಲೆಕ್ಕದಂತೆ ಯಂತ್ರ ಸರಿಯಿದೆ. ಡಿಸ್ಕಿನಲ್ಲಿರುವ ಹಳೆಯದೇ ಕೆಟ್ಟಿದ್ದು. ಅದನ್ನು ಅಳಿಸಿ ಹೊಸದಾಗಿ ಕೂರಿಸಿದರೆ ಮುಗಿಯಿತು. ಮುಂದಿನ ಶನಿವಾರ ಮಾಡುತ್ತೇನೆ.

ಜೂನ್ 24, ಶನಿವಾರ

ಕೂರಿಸಿದೆ. ಒಬ್ಬನೇ. ಯಾರ ಕಣ್ಣನ್ನೂ ಸಾಲ ಕೇಳದೆ.

ಮೊದಲು ಹಳೆಯದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಲು ಹಾಕಿದೆ. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ — ಅದಕ್ಕಿಂತ ಮುಖ್ಯ, ನನ್ನನ್ನು ಹೆತ್ತ ಉಮ್ಮ ಓದಿದ ಪುಸ್ತಕಗಳು. ನಾನು ಬಿ.ಎ. ಓದುವಾಗ ಉಮ್ಮ ನನ್ನ ಚರಿತ್ರೆಯ ಪುಸ್ತಕಗಳನ್ನೆಲ್ಲ ಟೇಪ್ ರೆಕಾರ್ಡರ್ ಮುಂದೆ ಕೂತು ಓದಿದ್ದಳು. ಅವಳು ಕಲಿತಿದ್ದು ಏಳನೇ ಕ್ಲಾಸಿನ ತನಕ. ಕಷ್ಟದ ಹೆಸರು ಬಂದರೆ ನಡುವೆಯೇ ಬೈಗುಳ: "ಈ ಹಾಳಾದವನ ಹೆಸರು ನಾಲಿಗೆಗೆ ಹತ್ತೋದಿಲ್ಲ ಮೋನೇ, ನೀನೇ ಊಹಿಸ್ಕೋ." ಹಿಂದೆ ಕೋಳಿಗಳು. ಕ್ಯಾಸೆಟ್ಟುಗಳಿಗೆ ಬೂಸಲು ಬಂದು ಹಾಳಾಗುವ ಮೊದಲು ಎಲ್ಲವನ್ನೂ ಯಂತ್ರಕ್ಕೆ ಇಳಿಸಿಕೊಂಡಿದ್ದೆ. ಉಮ್ಮ ಹೋದಮೇಲೆ ವರ್ಷಕ್ಕೊಮ್ಮೆಯಾದರೂ ಕೇಳುತ್ತೇನೆ. ಚರಿತ್ರೆಗಾಗಿ ಅಲ್ಲ.

ಮಧ್ಯಾಹ್ನ ಮಳೆ ಜೋರು. ಪಡಸಾಲೆಯ ತಗಡಿನ ಮೇಲೆ ಬಡಿತ. ಕೊನೆಗೆ ಯಂತ್ರ ಹೇಳಿತು: ನಕಲು ಮಾಡಲಾಯಿತು. ಪೆನ್ ಡ್ರೈವ್‌ನಿಂದ ಎಬ್ಬಿಸಿ ಹೊಸದನ್ನು ಕೂರಿಸಲು ಹೇಳಿದೆ. ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಕೇಳಿತು. ಅಳಿಸು ಎಂದೆ.

ಸಂಜೆಗೆ ಮುಗಿಯಿತು. ಮೈಮೂನಳಿಗೆ ಹೇಳಿದೆ. "ಒಳ್ಳೇದಾಯ್ತು, ಇನ್ನಾದ್ರೂ ಅದರ ಜೊತೆ ಜಗಳ ನಿಲ್ಲಿಸಿ" ಎಂದಳು. ಕೋಪವೇ ಬರಲಿಲ್ಲ.

ಜೂನ್ 26

ಹೊಸ ಲಿನಕ್ಸೂ ಅನ್ನ ತಿನ್ನುತ್ತಿದೆ.

ಜೂನ್ 29, ಬಲಿ ಪೆರುನ್ನಾಳ್

ಬಕ್ರೀದ್ ಹಬ್ಬದ ದಿನ ಉಮ್ಮನ ಧ್ವನಿ ಕೇಳೋಣವೆಂದು ಹೊರಗಿನ ಡಿಸ್ಕ್ ಸಿಕ್ಕಿಸಿದೆ. ಫೋಲ್ಡರ್ ಇದೆ. ಒಳಗೆ ಏನೂ ಇಲ್ಲ. ಕೈ ತಪ್ಪಿರಬೇಕೆಂದು ಮತ್ತೆ ಹುಡುಕಿದೆ. ಮೈಮೂನಳನ್ನು ಕರೆದೆ. ಅವಳು ಪರದೆ ನೋಡಿ ಕಿವಿಯ ಹತ್ತಿರ ಬಂದು ಹೇಳಿದಳು: "ಖಾಲಿ ಇದೆ."

"ಸರಿಯಾಗಿ ನೋಡು."

"ನೋಡಿದೆ. ಖಾಲಿ."

ಆಮೇಲೆ ಹೊಳೆಯಿತು. ಬೇರೆ ಕಡತಗಳು ತುಂಬಿ ಹೊರಗಿನ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಅವತ್ತು ಯಂತ್ರ ಹೇಳಿದ್ದು "ನಕಲು ಮಾಡಲಾಯಿತು" ಅಲ್ಲ. "ಮಾಡಲಾಗಲಿಲ್ಲ." ಮಳೆಯಲ್ಲಿ ಆ ಒಂದು ಚೂರು ನನಗೆ ಕೇಳಿಸಲಿಲ್ಲ. ನಾನು ಅಳಿಸು ಎಂದೆ.

ಬಿರಿಯಾನಿ ಮುಟ್ಟಲಿಲ್ಲ. ಬಂದ ನೆಂಟರಿಗೆ ತಲೆನೋವೆಂದೆ. ಬಾಗಿಲು ಹಾಕಿಕೊಂಡು ಖಾಲಿ ಫೋಲ್ಡರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ... ಉಮ್ಮನನ್ನು ಎರಡನೇ ಸಲ ಮಣ್ಣು ಮಾಡಿದೆ. ಈ ಸಲ ನನ್ನ ಕೈಯಿಂದಲೇ.

ಜುಲೈ 5

ಹೊಸ ಸ್ಪೀಕರ್ ತರಿಸಿದೆ. ಪ್ರಯೋಜನವಿಲ್ಲ.

ಮೈಮೂನಳದು ಇತ್ತೀಚೆಗೆ ಬೇರೆಯೇ ಕಥೆ. ಬಾಯೊಳಗೇ ಗುನುಗುತ್ತಾಳೆ. ಬಿಡಿಸಿ ಹೇಳು ಎಂದರೆ ಕಿರುಚುತ್ತಾಳೆ. ಕಿರುಚಬೇಡ ಎಂದರೆ ಮುನಿಸು. ಮೊನ್ನೆ ಸಂಜೆಯಿಂದ ಮಾತೇ ಬಿಟ್ಟಿದ್ದಾಳೆ. ಸರಿ, ನಾನೂ ಬಿಟ್ಟೆ. ತಟ್ಟೆ ಮುಂದಿಟ್ಟು ಹೋಗುತ್ತಾಳೆ. ತಿಂದು ಏಳುತ್ತೇನೆ. ಈ ಮನೆಯಲ್ಲಿ ಈಗ ಯಂತ್ರವೂ ಮಾತಾಡುವುದಿಲ್ಲ, ಹೆಂಗಸೂ ಮಾತಾಡುವುದಿಲ್ಲ.

ಜುಲೈ 9

ಮಸೀದಿಯ ಮೈಕ್ ಕೆಟ್ಟಿದೆ ಎಂದು ನಮಾಜಿಗೆ ಕರೆ ಕೊಡುವ ಮುಕ್ರಿಗೆ ಹೇಳಿದೆ. ಬಾಂಗು ಕೂಗಿದರೆ ಡಬ್ಬದೊಳಗಿಂದ ಕೂಗಿದ ಹಾಗಿರುತ್ತದೆ ಎಂದೆ. ಮುಕ್ರಿ ಮುದುಕ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಏನೆಂದು ಗೊತ್ತಿಲ್ಲ.

ಜುಲೈ 14, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬಾರದು.

ಹತ್ತನೇ ಕ್ಲಾಸು. ಉಪ್ಪಿನ ಸತ್ಯಾಗ್ರಹದ ಪಾಠ. ಕೇರಳದಲ್ಲಿ ಉಪ್ಪು ಮಾಡಿದ್ದು ಎಲ್ಲಿ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ಹೇಳಿದಳು. "ಕಣ್ಣೂರಾ? ಪುಸ್ತಕ ತೆರೆದು ನೋಡಿದ್ದೀಯಾ ನೀನು?" ಎಂದೆ. ಮತ್ತೆ ಹೇಳಿದಳು. ನನಗೆ ಮತ್ತೆ ಕಣ್ಣೂರೇ ಕೇಳಿಸಿತು. ಎದುರು ವಾದಿಸುತ್ತಾಳೆಂದು ಸಿಟ್ಟು ನೆತ್ತಿಗೇರಿತು. ಪೀರಿಯಡ್ ಮುಗಿಯುವ ತನಕ ಅವಳನ್ನು ಎದ್ದು ನಿಲ್ಲಿಸಿಟ್ಟೆ.

ಕ್ಲಾಸು ಮುಗಿದಮೇಲೆ ಹೆಡ್‌ಮಿಸ್ಟ್ರೆಸ್ ಪದ್ಮಜಾ ಟೀಚರ್ ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಹಾಕಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಮಾಷೇ, ಆ ಹುಡುಗಿ ಪಯ್ಯನ್ನೂರು ಅಂತಾನೇ ಹೇಳಿದ್ದು. ಎರಡು ಸಲಾನೂ. ಇಡೀ ಕ್ಲಾಸು ಕೇಳಿದೆ. ಅಳ್ತಾ ಬಂದಿದ್ಲು ನನ್ನ ಹತ್ರ."

ಪಯ್ಯನ್ನೂರು. ಸರಿಯಾದ ಉತ್ತರ.

"ಇದು ಮೊದಲನೇ ಸಲ ಅಲ್ಲ ಮಾಷೇ. ಮಕ್ಕಳು ಈಗ ನಿಮ್ಮ ಕ್ಲಾಸಲ್ಲಿ ಬೇಕಂತಲೇ ಸದ್ದು ಮಾಡದೆ ಬರೀ ಬಾಯಿ ಆಡಿಸ್ತಾರೆ. ಆಟ ಆಗಿದೆ ಅವರಿಗೆ."

ಇವತ್ತು ಫ್ಯಾನಿನ ಸದ್ದು ಹೆಚ್ಚಿತ್ತು ಎಂದು ಏನೋ ಹೇಳಿ ಎದ್ದು ಬಂದೆ.

ಜುಲೈ 17, ಸೋಮವಾರ

ಪೆನ್ ಡ್ರೈವನ್ನು ಶಾಲೆಗೆ ಒಯ್ದೆ. ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ಖಾಲಿ. ಒಂದರ ನಂತರ ಒಂದು ಯಂತ್ರಕ್ಕೆ ಸಿಕ್ಕಿಸಿ ಎಬ್ಬಿಸಿದೆ. ಬೀಪ್ ಸ್ಪಷ್ಟ. ಆಮೇಲೆ ಅದೇ ಕಲಸು ಗಂಜಿ. ಮೊದಲ ಯಂತ್ರದಲ್ಲೂ, ಎರಡನೆಯದರಲ್ಲೂ, ಕಿಟಕಿಯ ಪಕ್ಕದ ಹೊಸದರಲ್ಲೂ. ನನ್ನ ಲ್ಯಾಪ್‌ಟಾಪಿನಲ್ಲಿ ಅಂದು ಬೆಳಿಗ್ಗೆ ಅಷ್ಟು ಚೆನ್ನಾಗಿ ಮಾತಾಡಿದ ಪೆನ್ ಡ್ರೈವ್ ಇದೇ ತಾನೇ?

ಪದ್ಮಜಾ ಟೀಚರ್ ಯಾವಾಗ ಬಂದು ಹಿಂದೆ ನಿಂತರೋ. ಭುಜ ಮುಟ್ಟಿದಾಗ ಬೆಚ್ಚಿದೆ.

"ಟೀಚರ್, ಒಂದು ಉಪಕಾರ. ಈ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಏನು ಹೇಳುತ್ತೆ ಹೇಳಿ."

ಹಾಕಿಕೊಂಡರು. ಸ್ವಲ್ಪ ಹೊತ್ತು. ತೆಗೆದರು. ನನ್ನ ಕಿವಿಗೆ ಬಾಗಿ ಹೇಳಿದರು.

"ಗಂಡಸಿನ ದನಿ. ಮೆನು, ಸಮಯ, ಬ್ಯಾಟರಿ ಅಂತ ಓದ್ತಿದೆ. ಎಲ್ಲ ಸ್ಪಷ್ಟವಾಗೇ ಇದೆಯಲ್ಲ ಮಾಷೇ..."

ಆ ಕೊನೆಯ 'ಮಾಷೇ' ಎಂದ ರೀತಿ. ಪಾಪ ಅನ್ನುವ ಹಾಗೆ.

ಜುಲೈ 18

ಬೆಳಿಗ್ಗೆ ಲೋನಪ್ಪನ್‌ಗೆ ಫೋನ್. ಬಾಗಿಲು ಕಿಟಕಿ ಹಾಕಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ಮಾತಾಡಿದೆ. ಲ್ಯಾಬಿನ ಕಥೆ ಹೇಳಿದೆ.

"ನಿಧಾನ ಹೇಳ್ತೀನಿ, ಕೇಳು" ಎಂದ. ಯಾವತ್ತೂ ಇಲ್ಲದ ಮೆಲು ದನಿ. "ಹೆಡ್‌ಫೋನ್ ಬದಲಾಯಿಸಿದೆ. ಸ್ಪೀಕರ್ ಬದಲಾಯಿಸಿದೆ. ಲಿನಕ್ಸ್ ಬದಲಾಯಿಸಿದೆ. ಯಂತ್ರಾನೂ ಬದಲಾಯಿಸಿ ನೋಡಿದೆ. ಎಲ್ಲಾ ಪರೀಕ್ಷೇಲೂ ಬದಲಾಗದೇ ಉಳಿದಿದ್ದು ಯಾವುದು ಸೈದಲವಿ?"

ಪೆನ್ ಡ್ರೈವ್ ಮಾತಾಡಿದ ಆ ಬೆಳಿಗ್ಗೆ ಮನೆ ನಿಶ್ಶಬ್ದವಿತ್ತು, ದನಿ ನಿಧಾನವಿತ್ತು ಎಂಬುದು ಆಗ ನೆನಪಾಯಿತು.

"ಮೂರನೇದು ಇಲ್ಲ ಅಂದಿದ್ದೆ ನಾನು. ತಪ್ಪು ಹೇಳಿದ್ದೆ ಕಣೋ. ಕ್ಷಮಿಸು."

ಆಮೇಲೆ ಏನೂ ಕೇಳಿಸಲಿಲ್ಲ. ಫೋನ್ ಕಟ್ ಆಯಿತೇ, ಅವನು ಸುಮ್ಮನಾದನೇ, ಅಥವಾ ಹೇಳುತ್ತಲೇ ಇದ್ದನೇ... ಗೊತ್ತಾಗಲಿಲ್ಲ.

ಆಗಸ್ಟ್ 5, ಶನಿವಾರ

ಕೋಝಿಕ್ಕೋಡಿಗೆ ಹೋಗಿ ಬಂದೆವು. ಕಿವಿಯ ಡಾಕ್ಟರ್.

ಮೊದಲು ಮುಚ್ಚಿದ ಕೋಣೆಯಲ್ಲಿ ಪರೀಕ್ಷೆ. ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದೆ. ಎಷ್ಟು ಸಣ್ಣದಾದರೂ ಕೇಳಿಸಿತು. ಒಳಗೊಳಗೇ ಹಿಗ್ಗಿದೆ... ನನಗೇನೂ ಆಗಿಲ್ಲ! ಆಮೇಲೆ ಪದಗಳು. ಕೇಳಿದ ಪದವನ್ನು ತಿರುಗಿ ಹೇಳಬೇಕು. ಮರ, ಮಳೆ, ಕೊಡೆ, ಮನೆ — ಇಂಥವೇ ಸಣ್ಣ ಪದಗಳಂತೆ. ಆಮೇಲೆ ಮೈಮೂನ ಹೇಳಿದ್ದು. ನಾನು ಒಂದನ್ನೂ ಸರಿಯಾಗಿ ಹೇಳಲಿಲ್ಲವಂತೆ.

ಡಾಕ್ಟರ್ ಹೇಳಿದ್ದನ್ನು ಅವಳು ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆದಳು. ಹದಿನೈದರ ತನಕ ನನಗೆ ಕಣ್ಣಿತ್ತು, ಅಕ್ಷರದ ಆಕಾರ ಮರೆತಿಲ್ಲ. 'ಆಗ ಕಣ್ಣಿನ ನರ ಒಣಗಿದ್ದು. ಈಗ ಕಿವಿಯ ನರ. ಎರಡೂ ಒಂದೇ ಕಾಯಿಲೆ. ಹುಟ್ಟಿನಿಂದಲೇ ಮೈಯಲ್ಲಿತ್ತು.'

"ಮೆಶಿನ್ ಹಾಕಿದ್ರೆ?" ಎಂದು ಕೇಳಿದೆ.

'ಸದ್ದು ದೊಡ್ಡದಾಗುತ್ತೆ. ಮಾತು ಬಿಡಿಯಾಗಲ್ಲ.'

"ಆಪರೇಶನ್?"

ಡಾಕ್ಟರ ಕಡೆ ತಿರುಗಿ ಏನೋ ಕೇಳಿದಳು. ಆಮೇಲೆ ಬರೆದಳು: 'ನರವೇ ಸರಿಯಿಲ್ಲದ ಕಡೆ ಫಲ ಸಿಗುತ್ತೆ ಅಂತ ಹೇಳೋಕಾಗಲ್ಲವಂತೆ.'

"ಇನ್ನೆಷ್ಟು ದಿನ ಹೀಗಾದ್ರೂ ಕೇಳಿಸುತ್ತೆ?"

ನನ್ನ ಅಂಗೈಯನ್ನು ಮುಷ್ಟಿ ಮಾಡಿ ಮಡಿಸಿ ತನ್ನ ಕೈಯೊಳಗೆ ಹಿಡಿದುಕೊಂಡಳು.

ವಾಪಸು ರೈಲಿನಲ್ಲಿ ಹೇಳಿದೆ, "ಮೈಮೂ, ಕಳೆದ ತಿಂಗಳು ನೀನು ಮಾತು ಬಿಟ್ಟೆಯಲ್ಲ, ಅವಾಗ..."

ಕಿವಿಯ ಹತ್ತಿರ ಬಂದಳು. ರೈಲಿನ ಸದ್ದಿನಲ್ಲೂ ಅದೊಂದು ಕೇಳಿಸಿತು.

"ಪಡಚೋನೇ, ದೇವರೇ! ನಾನು ಯಾವತ್ತು ಬಿಟ್ಟೆ? ದಿನಾ ಮಾತಾಡಿಸ್ತಿದ್ದೆ. ನೀವೇ ಮುಖ ತಿರುಗಿಸ್ಕೊಂಡು ಕೂತಿರ್ತಿದ್ರಿ. ಎಷ್ಟು ಅತ್ತಿದ್ದೀನಿ ಗೊತ್ತಾ?"

ಆಗಸ್ಟ್ 20

ಕಿವಿಯ ಮೆಶಿನ್ ಬಂತು. ಹಾಕಿಕೊಂಡರೆ ಲೋಕವೆಲ್ಲ ಪಾತ್ರೆ ಅಂಗಡಿ. ಮಾತು ಒಂದೂ ಇಲ್ಲ. ತೆಗೆದಿಟ್ಟೆ.

ಶಾಲೆಗೆ ದೀರ್ಘ ರಜೆ ಬರೆದುಕೊಟ್ಟೆ. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಕೆಳಗಿಟ್ಟೆ.

ಕಣ್ಣು ಹೋದಾಗ ಊರೆಲ್ಲ ಅತ್ತಿತು, ನಾನು ಅಷ್ಟಾಗಿ ಅಳಲಿಲ್ಲ. ರೇಡಿಯೋ ಇತ್ತು, ಉಮ್ಮ ಓದುತ್ತಿದ್ದಳು, ಆಮೇಲೆ ಈ ಯಂತ್ರ ಬಂತು. ಲೋಕ ಒಂದು ಬಾಗಿಲು ಮುಚ್ಚಿಕೊಂಡರೂ ಇನ್ನೊಂದರಿಂದ ಬರುತ್ತಿತ್ತು. ಈಗ ಅದೂ. ಬೆಳಿಗ್ಗೆ ಎದ್ದರೆ ಬೆಳಗಾಗಿದೆ ಎಂದು ತಿಳಿಯುವುದು ಹೇಗೆ? ಕಾಗೆ ಕೂಗಿತೇ, ಬಾಂಗು ಆಯಿತೇ? ಗೊತ್ತಿಲ್ಲ. ಚರ್ಮಕ್ಕೆ ಬಿಸಿಲು ತಾಗುವ ತನಕ ಮಲಗಿರುತ್ತೇನೆ. ತಾಗಿದ ಮೇಲೂ.

ಆಗಸ್ಟ್ 29

ಇವತ್ತು ಓಣಂ ಹಬ್ಬದ ತಿರುವೋಣವಂತೆ. ಪದ್ಮಜಾ ಟೀಚರ್ ಪಾಯಸ ತಂದಿದ್ದರು. ನಿದ್ದೆ ಬಂದವನಂತೆ ಮಲಗಿದ್ದೆ. ಮಂಚದ ಪಕ್ಕ ಎಷ್ಟು ಹೊತ್ತು ಕೂತಿದ್ದರೋ.

ಸೆಪ್ಟೆಂಬರ್ 4

ಏನೂ ಇಲ್ಲ.

ಸೆಪ್ಟೆಂಬರ್ 9, ಶನಿವಾರ

ಯಾರೋ ಕಂಬಳಿ ಎಳೆದರು. ಮೈಮೂನ ಅಲ್ಲ — ಬೀಡಿ ಮತ್ತು ತೆಂಗಿನೆಣ್ಣೆಯ ವಾಸನೆ, ಒರಟು ಕೈ, ಬೆರಳ ತುದಿಯಲ್ಲಿ ತಂತಿ ಮೀಟಿದ ಗಂಟು. ಲೋನಪ್ಪನ್! ಒಬ್ಬನೇ, ಕೋಲು ಹಿಡಿದು, ತ್ರಿಶೂರಿನಿಂದ ನಮ್ಮೂರು ತಿರೂರಿಗೆ ರೈಲಿನಲ್ಲಿ ಬಂದಿದ್ದಾನೆ.

ಏನೋ ಹೇಳಿದ. ನನಗೆ ಕೇಳಿಸದು. ನನ್ನ ಹಲಗೆಯನ್ನು ತಡಕಿ ತೆಗೆದುಕೊಂಡು ಹಾಳೆ ಸಿಕ್ಕಿಸಿ ಚುಚ್ಚಿದ. ಹಾಳೆ ತಿರುಗಿಸಿ ಕೊಟ್ಟ. ಬೆರಳಾಡಿಸಿದೆ.

'ನಾಯಿ. ಫೋನ್ ಯಾಕೆ ಎತ್ತಲ್ಲ?'

ಇಷ್ಟು ದಿನದಲ್ಲಿ ಮೊದಲ ಸಲ ನಗು ಬಂತು. ನಗು ಎಲ್ಲಿ ಮುಗಿದು ಅಳು ಎಲ್ಲಿ ಸುರುವಾಯಿತೋ. ಅವನ ಅಂಗಿ ತೋಯುವ ತನಕ ಬಿಡಲಿಲ್ಲ.

ಮತ್ತೆ ಚುಚ್ಚಿದ: 'ಅತ್ತಿದ್ದು ಸಾಕು. ಒಂದು ವಸ್ತು ತಂದಿದ್ದೀನಿ. ನಮ್ಮ ಶಾಲೆಯ ಮಕ್ಕಳದು. ಮುಂದಿನ ಶನಿವಾರ ವಾಪಸ್ ಕೊಡಬೇಕು.'

ಕೈಗಿತ್ತ. ಉದ್ದನೆಯ ಪಟ್ಟಿ, ಕೀಬೋರ್ಡಿನಷ್ಟು ಅಗಲ. ಮೇಲೆ ಒಂದು ಸಾಲು ಸಣ್ಣ ಸಣ್ಣ ತೂತು. ಅಕ್ಷರ ಪರದೆಯ ಮೇಲೆ ಬಂದರೆ ಇದರಲ್ಲಿ ಚುಕ್ಕಿ ಎದ್ದು ನಿಲ್ಲುತ್ತದಂತೆ. ಕಿವಿಯ ಹಂಗಿಲ್ಲ. ಇಂಥದ್ದಿದೆ ಎಂದು ಗೊತ್ತಿತ್ತು. ಬೆಲೆ ಕೇಳಿದವರು ಯಾರೂ ಎರಡನೇ ಸಲ ಕೇಳುವುದಿಲ್ಲ.

ಬೀರುವಿನ ಕೆಳಗಿಂದ ಲ್ಯಾಪ್‌ಟಾಪ್ ತೆಗೆಸಿದ. ಪೆನ್ ಡ್ರೈವ್ ಸಿಕ್ಕಿಸಿದ. ಪಟ್ಟಿ ಸಿಕ್ಕಿಸಿದ. ಎಬ್ಬಿಸಿದ. ಬೆರಳಿಟ್ಟು ಕಾದೆ.

ಏನೂ ಏಳಲಿಲ್ಲ.

ಸೆಪ್ಟೆಂಬರ್ 10, ಭಾನುವಾರ

ಇಬ್ಬರು ಕುರುಡರು, ಅದರಲ್ಲೊಬ್ಬ ಕಿವುಡ, ಜೊತೆಗೊಬ್ಬಳು ಕಂಪ್ಯೂಟರ್ ಮುಟ್ಟಿಯೇ ಇಲ್ಲದವಳು. ಬೆಳಿಗ್ಗೆಯಿಂದ ಒಂದು ಯಂತ್ರದ ಸುತ್ತ.

ಮೈಮೂನ ಪರದೆ ನೋಡಿ ಲೋನಪ್ಪನ್‌ಗೆ ಓದಿ ಹೇಳುವುದು. ಅವನು ಕೇಳಿ ನನಗೆ ಚುಚ್ಚಿ ಕೊಡುವುದು. ನಾನು ಓದಿ ಬಾಯಲ್ಲಿ ಉತ್ತರ ಹೇಳುವುದು. ಒಂದು ಸಾಲಿಗೆ ಒಂದು ಲೋಟ ಚಹಾ.

'ಕೆಂಪಕ್ಷರ ಬಂದಿದೆಯಂತೆ' ಎಂದು ಚುಚ್ಚಿದ. ಏನು ಬರೆದಿದೆ ಎಂದೆ. ಮತ್ತೆ ಚುಚ್ಚಿದ: 'ಕೆಂಪಗಿದೆ ಅಂತ ಮಾತ್ರ ಹೇಳ್ತಿದ್ದಾಳೆ ನಿನ್ನ ಹೆಂಡತಿ.' ಅವಳು ಅವನ ಬೆನ್ನಿಗೆ ಗುದ್ದಿದಳೆಂದು ಕಾಣುತ್ತದೆ. ಹಲಗೆ ಅಲ್ಲಾಡಿತು.

ಮೊದಲು ವಯರ್. ಬದಲಾಯಿಸಿದೆವು. ಇಲ್ಲ. ಪಟ್ಟಿಯ ಹೆಸರನ್ನು ಲಿನಕ್ಸಿಗೆ ತಿಳಿಸಿ ಮತ್ತೆ ಎಬ್ಬಿಸಿದೆವು. ಇಲ್ಲ. ಮೂರನೇ ಸಲಕ್ಕೆ ಚುಕ್ಕಿಗಳು ಎದ್ದವು, ಜೀವ ಬಂದ ಹಾಗೆ ಬೆರಳ ಕೆಳಗೆ ಕಚಗುಳಿ — ಆದರೆ ಓದಿದರೆ ಅರ್ಥವಿಲ್ಲ. ಅಕ್ಷರ ಅಲ್ಲ, ಕಸ. ಬೆರಳು ತೆಗೆದುಬಿಟ್ಟೆ.

"ನನ್ನ ಬೆರಳಿನ ನರಾನೂ ಹೋಗಿರ್ಬೇಕು ಬಿಡು" ಎಂದೆ.

ಲೋನಪ್ಪನ್ ನನ್ನ ಕೈ ಎಳೆದು ಪಟ್ಟಿಯಿಂದ ದೂರವಿಟ್ಟ. ತಾನೇ ಬೆರಳಿಟ್ಟು ಓದಿದ. ಆಮೇಲೆ ಚುಚ್ಚಿ ಕೊಟ್ಟ. 'ನನಗೂ ಕಸವೇ. ನಿನ್ನ ಬೆರಳು ಸರಿ ಇದೆ. ಬೇರೆ ದೇಶದ ಬ್ರೈಲ್ ಹಾಕಿದೆ ಇದು.'

ಆ ಒಂದು ವಾಕ್ಯವನ್ನು ಎಷ್ಟು ಸಲ ಸವರಿದೆನೋ. ಕೆಟ್ಟಿರುವುದು ನಾನಲ್ಲ.

ಭಾಷೆಯ ಆಯ್ಕೆಯಲ್ಲಿ ಇಂಗ್ಲಿಷ್ ಒತ್ತಿದೆವು. ಕಸ ಅಳಿಯಿತು. ಸಾಲು ಇಳಿದು ಮತ್ತೆ ಎದ್ದಿತು. ಓದಿದೆ. ನಾನೇ, ನನ್ನ ಬೆರಳಿನಿಂದ, ಒಂದೊಂದಕ್ಷರ. ಚುಕ್ಕಿ ಎಬ್ಬಿಸುವ ಈ ಲಿನಕ್ಸನ್ನೇ ಡಿಸ್ಕಿಗೆ ಹೊಸದಾಗಿ ಕೂರಿಸಲೇ ಎಂದು ಕೇಳುತ್ತಿದೆ. ಆಮೇಲೆ ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು. ಕೈ ನಿಂತಿತು. ಆ ಸಾಲನ್ನು ಮೊದಲಿನಿಂದ ಕೊನೆಯ ತನಕ, ಕೊನೆಯಿಂದ ಮೊದಲಿನ ತನಕ ಓದಿದೆ. ಇನ್ನೊಂದರ್ಥ ಎಲ್ಲಾದರೂ ಅಡಗಿದೆಯೇ ಎಂದು. ಇರಲಿಲ್ಲ. ಅಳಿಸಲು ಏನೂ ಉಳಿದೂ ಇರಲಿಲ್ಲ.

ಒತ್ತಿದೆ.

ಸೆಪ್ಟೆಂಬರ್ 11

ಲೋನಪ್ಪನ್ ಬೆಳಗಿನ ರೈಲಿಗೆ ಹೋದ. ಪಟ್ಟಿ ವಾರದ ತನಕ ಇಲ್ಲಿರಲಿ, ಶನಿವಾರ ಬಂದು ಒಯ್ಯುತ್ತೇನೆ ಎಂದು ಚುಚ್ಚಿ ಕೊಟ್ಟ.

ಇಡೀ ದಿನ ಪಟ್ಟಿಯ ಮೇಲೆ ಪತ್ರಿಕೆ ಓದಿದೆ. ಎಷ್ಟು ನಿಧಾನ! ಜೀರುಂಡೆಯ ಕಾಲದಲ್ಲಿ ಒಂದು ಗಳಿಗೆಗೆ ಮುಗಿಯುತ್ತಿದ್ದ ಸುದ್ದಿ ಈಗ ಊಟದ ಹೊತ್ತಿನ ತನಕ. ಬೆರಳ ತುದಿ ಉರಿಯುತ್ತಿದೆ. ಆದರೂ 'ಆಯಿತು' 'ಆಗಲಿಲ್ಲ' ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ.

ಸೆಪ್ಟೆಂಬರ್ 13

ಪದ್ಮಜಾ ಟೀಚರ್ ಬಂದಿದ್ದರು. ಈ ಸಲ ಎದ್ದು ಕೂತೆ. ಮೈಮೂನ ಅಂಗೈಯಲ್ಲಿ ಬರೆದಳು. ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗಬೇಕಂತೆ. ಕೆಲಸ ಉಳಿಯುವುದು ಅವರ ತೀರ್ಮಾನದ ಮೇಲಂತೆ. ಕ್ಲಾಸು ತೆಗೆದುಕೊಳ್ಳುವುದು ಇನ್ನಾಗದು... ಅದು ಯಾರೂ ಬರೆಯದೇ ಗೊತ್ತು. ಆ ಹುಡುಗಿಗೆ ತಪ್ಪಾಯಿತೆಂದು ಹೇಳಿ ಎಂದೆ. ಟೀಚರ್ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಸ್ವಂತ ಪಟ್ಟಿಗೆ ಸರಕಾರಕ್ಕೆ ಅರ್ಜಿ ಹಾಕಲು ಹೇಳಿದರು. ಹಾಕಿದ್ದೇನೆ. ಎಂದು ಬರುವುದೋ, ಬರುವುದೇ ಇಲ್ಲವೋ. ಶನಿವಾರ ಇದು ಹೋದರೆ ಮತ್ತೆ ಕತ್ತಲೆ, ಈ ಸಲ ಎರಡೂ ಕಡೆಯಿಂದ.

ಇವತ್ತು ಮೈಮೂನ ಕಿವಿಯ ಹತ್ತಿರ ಬಂದು ಹೇಳಿದ್ದೂ ಸಿಗಲಿಲ್ಲ. ಉಸಿರಿನ ಬಿಸಿ ಮಾತ್ರ ಸಿಕ್ಕಿತು.

ಸೆಪ್ಟೆಂಬರ್ 15, ಶುಕ್ರವಾರ, ಮಧ್ಯಾಹ್ನ

ನಾಳೆ ಲೋನಪ್ಪನ್ ಬರುತ್ತಾನೆ. ಪಟ್ಟಿಯ ಕಡೆಯ ದಿನ. ಬೆಳಿಗ್ಗೆಯಿಂದ ಅದರ ಮುಂದೆಯೇ ಕೂತಿದ್ದೆ, ಏನನ್ನೂ ಓದದೆ. ಊಟಕ್ಕೆಂದು ಭುಜ ತಟ್ಟಿದರೂ ಏಳಲಿಲ್ಲ.

ಮೈಮೂನ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಕುರ್ಚಿಯ ಅರ್ಧದಲ್ಲಿ ಕೂತಳು. ನನ್ನ ಕೈ ಹಿಡಿದು ಪಟ್ಟಿಯ ಮೇಲಿಟ್ಟಳು. ಮೇಜು ಅಲುಗಿತು. ಕೀಬೋರ್ಡ್ ಒತ್ತುತ್ತಿದ್ದಾಳೆ! ಒಂದೊಂದೇ ಚುಕ್ಕಿ ಎದ್ದಿತು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು, ಫೋನಿನಲ್ಲಿ ತಂಗಿಗೆ ಬರೆಯುವ ಹಾಗೆ.

'ಮೀನು ಸಾರು ಆರಿ ತಣ್ಣಗಾಯ್ತು.'

"ಬರ್ತೀನಿ" ಎಂದೆ.

'ಬರಬೇಡಿ. ಕೂತ್ಕೊಳ್ಳಿ. ಪಕ್ಕದ ಮನೆ ಬೀಯಾತು ಹೊಸ ಫ್ರಿಜ್ ತಂದಿದ್ದಾಳೆ. ವಾಸನೆ ಬರುತ್ತೆ ಅಂತ ಮೀನು ಇಡಲ್ಲ. ಮಾಂಸ ಇಡಲ್ಲ. ಬರೀ ನೀರು. ನಿನ್ನೆ ಗಂಡ ಕದ್ದು ಒಂದು ತುಂಡು ಅಯಕೂರ ಮೀನು ಇಟ್ಟ. ಬೀದಿಯೆಲ್ಲ ಕೇಳೋ ಹಾಗೆ ಜಗಳ.'

ಬೀದಿಯೆಲ್ಲ ಕೇಳಿಸಿಕೊಂಡ ಜಗಳ! ಗೋಡೆಯ ಆಚೆಯೇ ಆಗಿದೆ. ನಾನು ಇಲ್ಲೇ ಇದ್ದೆ. ಹೀಗೆ ಎಷ್ಟು ತಿಂಗಳಿಂದ ಏನೇನು ಆಗಿಹೋಗಿದೆಯೋ ಈ ಬೀದಿಯಲ್ಲಿ. ಜೋರಾಗಿ ನಕ್ಕೆನೆಂದು ಕಾಣುತ್ತದೆ. ಗಂಟಲು ನಡುಗಿತು.

'ನಗಬೇಡಿ. ಕಿಟಕಿ ತೆರೆದಿದೆ. ಇನ್ನೂ ಇದೆ.'

ಒಂದು ಕೈ ಪಟ್ಟಿಯ ಮೇಲೆ, ಇನ್ನೊಂದರಲ್ಲಿ ಇದನ್ನು ಚುಚ್ಚುತ್ತಿದ್ದೇನೆ. ಹಾಳೆ ಜಾರುತ್ತಿದೆ, ಸಾಲು ಸೊಟ್ಟ. ಅವಳ ಬೆರಳು ನಿಧಾನ, ತಪ್ಪು ಒತ್ತಿ ಅಳಿಸಿ ಮತ್ತೆ ಒತ್ತುತ್ತಾಳೆ. ಅಳಿಸುವುದೂ ನನಗೆ ಸಿಗುತ್ತಿದೆ. ನಾಳೆಯ ಬಗ್ಗೆ ಏನೋ ಬರೆಯಬೇಕೆಂದಿದ್ದೆ. ಚುಕ್ಕಿಗಳು ಮತ್ತೆ ಏಳುತ್ತಿವೆ, ಬೀಯಾತುವಿನ ಅತ್ತೆ ಬಂದಳಂತೆ, ಬಂದವಳೇ ಫ್ರಿಜ್ಜಿನ ಬಾಗಿಲು — ಒಂದು ಕೈಗೆ ಸಾಲದು, ಈ ಮೊಳೆಯನ್ನು ಕೆಳಗಿಡ...